ನಿರ್ಮಾಲ್ಯದ ಗುಂಡಿ

ತೋಡೂರಿನ ವೈಜಯಂತಿ ತನ್ನ ತರಕಾರಿ ಪಾತಿಗಳಿಗೆ ಇಳಿಯುವ ಮೊದಲು ಚಪ್ಪಲಿ ಕಳಚಿ ಬೇಲಿಯ ಹೊರಗೆ ಇಡುತ್ತಿದ್ದಳು. ಹೊಸದಾಗಿ ನೋಡಿದವರು, ಕೆಸರು ಮೆತ್ತುತ್ತದೆಂದು ಹಾಗೆ ಮಾಡುತ್ತಾಳೆ ಅಂದುಕೊಳ್ಳುತ್ತಿದ್ದರು. ಕೆಸರಿನ ಮಾತಲ್ಲ ಅದು. ಆ ಹದಿನೆಂಟು ಗುಂಟೆಯಲ್ಲಿ ದೇವರ ಹೂ ಕರಗಿದೆ, ಅದರ ಮೇಲೆ ಚಪ್ಪಲಿಗಾಲು ಇಡಬಾರದು ಎಂದು ಅತ್ತೆ ಹೇಳಿಕೊಟ್ಟದ್ದು. ಅತ್ತೆ ತೀರಿಕೊಂಡು ಹನ್ನೆರಡು ವರ್ಷವಾಯಿತು. ಸರಕಾರ ನೌಕಾನೆಲೆಗೆಂದು ತೆಗೆದುಕೊಂಡ ಗದ್ದೆ ಅದಕ್ಕೂ ಮೊದಲೇ ಹೋಯಿತು. ಉಳಿದದ್ದು ಬಾವಿಯ ಸುತ್ತಲಿನ ಈ ತುಂಡು. ಚಪ್ಪಲಿ ಮಾತ್ರ ಇಂದಿಗೂ ಬೇಲಿಯ ಹೊರಗೇ.

ಊರ ದೇವತಿಯ ಗುಡಿಯಲ್ಲಿ ಹಿಂದಿನ ದಿನ ಏರಿಸಿದ ಹೂವನ್ನು ಬೆಳಿಗ್ಗೆ ಇಳಿಸುತ್ತಾರಲ್ಲ, ಆ ನಿರ್ಮಾಲ್ಯವನ್ನು ಎಲ್ಲೆಂದರಲ್ಲಿ ಎಸೆಯುವ ಹಾಗಿಲ್ಲ. ಯಾರ ಕಾಲಿಗೂ ಅದು ಸಿಗಬಾರದು. ಈ ಮನೆಯವರು ಅದನ್ನು ಬುಟ್ಟಿಯಲ್ಲಿ ತಂದು, ಬಾವಿಯ ಬದಿಯ ಗುಂಡಿಯಲ್ಲಿ ಕೊಳೆಸಿ, ಗಿಡದ ಬುಡಕ್ಕೆ ಹಾಕುತ್ತ ಬಂದಿದ್ದರು. ಈಗ ಆ ಕೆಲಸ ಗಂಡ ತುಳಸಿದಾಸನದು. ಮಿಂದು, ಬುಟ್ಟಿ ಹೊತ್ತು, ದಾರಿಯಲ್ಲಿ ಯಾರು ಕರೆದರೂ ಓಗೊಡದೆ ಬರುತ್ತಿದ್ದ. ಮಾತಿನ ಮನುಷ್ಯನಾದ ತುಳಸಿದಾಸ ದಿನದಲ್ಲಿ ಮೌನವಾಗಿರುವುದು ಆ ಕಾಲು ಗಂಟೆ ಮಾತ್ರ ಎಂದು ಊರವರು ನಗುತ್ತಿದ್ದರು.

ಗುಂಡಿಗಳು ಎರಡು. ಬೇಲಿಯ ಮೂಲೆಯ ದೊಡ್ಡ ಗುಂಡಿಗೆ ಸಗಣಿ, ಒಲೆಯ ಬೂದಿ, ಉದುರಿದ ಎಲೆ, ಮತ್ತೆ ಮೀನು ಮಾರುವ ಜಯಶ್ರೀ ತಂದುಕೊಡುವ ಮೀನಿನ ತಲೆ, ಕರುಳು. ಬಾವಿಯ ಬದಿಯದು ನಿರ್ಮಾಲ್ಯದ ಗುಂಡಿ. ಅದಕ್ಕೆ ಮೀನಿನ ಸೋಂಕು ತಾಗಬಾರದು, ಎರಡನ್ನೂ ಬೆರೆಸಬಾರದು. ಬದನೆ, ಬೆಂಡೆ, ಮೂಲಂಗಿಗೆಲ್ಲ ದೊಡ್ಡ ಗುಂಡಿಯ ಗೊಬ್ಬರ. ನಿರ್ಮಾಲ್ಯದ ಗೊಬ್ಬರ ಒಂದೇ ಒಂದು ಪಾತಿಗೆ, ಬಾವಿಕಟ್ಟೆಯ ಬುಡದ ಕೆಂಪು ಹರಿವೆಗೆ.

ಹರಿವೆಗೇ ಏಕೆಂದರೆ, ಅದು ಮಕ್ಕಳ ಬಾಯಿಗೆ ಹೋಗುವ ಸೊಪ್ಪು. ಸೋಮವಾರ ಮತ್ತು ಗುರುವಾರ ಸಂಜೆ ವೈಜಯಂತಿ ಕಾರವಾರದ ಕಾಜುಬಾಗದಲ್ಲಿ, ಕೈಗಾದ ಬಸ್ಸು ನೌಕರರನ್ನು ಇಳಿಸುವ ಜಾಗದಲ್ಲಿ ನಿಲ್ಲುತ್ತಿದ್ದಳು. ನಲವತ್ತು ಮನೆಗೆ ನಲವತ್ತು ಬಟ್ಟೆಚೀಲ. ಒಂದರ ಕಿವಿಗೆ ನೀಲಿ ದಾರ, ಒಂದಕ್ಕೆ ಗುಂಡಿ ಹೊಲಿಗೆ, ಒಂದಕ್ಕೆ ಹಳೆ ಸೀರೆಯ ಅಂಚು. ಗುರುತು ನೋಡಿ ಚೀಲ ಕೊಟ್ಟರೆ, ಖಾಲಿ ಚೀಲ ಹಿಂದೆ ಬರುತ್ತಿತ್ತು. ಏಳೆಂಟು ಮನೆಯಲ್ಲಿ ಅನ್ನ ಹಿಡಿಯುವ ವಯಸ್ಸಿನ ಕೂಸುಗಳಿದ್ದವು. ಆ ಚೀಲಗಳಿಗೆ ಹರಿವೆಯ ಎಳೆ ಕುಡಿ ಬೇರೆಯಾಗಿ, ಬಾಳೆಲೆ ಸುತ್ತಿ ಇಡುತ್ತಿದ್ದಳು.

"ದೇವರ ಹೂವು ತಿಂದ ಸೊಪ್ಪು ಇದು," ಎನ್ನುತ್ತಿದ್ದಳು. "ಕೂಸಿಗೆ ಕಣ್ಣು ಮುಚ್ಚಿ ಕೊಡಿ. ನಾ ಹೇಳ್ತೆ."

ತನ್ನ ತರಕಾರಿಗೆ ಔಷಧಿ ಹೊಡೆದಿಲ್ಲ ಎನ್ನಲು "ನಾ ಹೇಳ್ತೆ" ಎಂಬುದೇ ಅವಳ ಸರ್ಟಿಫಿಕೇಟು. ಬೇರೆ ಕಾಗದ ಅವಳ ಹತ್ತಿರ ಇರಲಿಲ್ಲ.

ಪುಷ್ಯ ಮಾಸದ ಒಂದು ಗುರುವಾರ. ಬಸ್ಸಿನಿಂದ ಇಳಿದವರಲ್ಲಿ ವಿನುತಾ ಕೊನೆಯವಳು. ಅಂಕೋಲೆಯ ಹುಡುಗಿ, ಕೈಗಾದಲ್ಲಿ ನೌಕರಿ, ದಿನವಿಡೀ ನೀರಿನ ಶೀಸೆಗಳ ನಡುವೆ ತಪಾಸಣೆಯ ಕೆಲಸ. ಅವಳ ಮಗಳಿಗೆ ಎಂಟು ತಿಂಗಳು. ನೀಲಿ ದಾರದ ಚೀಲ ಅವಳದು. ಚೀಲಕ್ಕೆ ಕೈ ಚಾಚದೆ ಪಕ್ಕಕ್ಕೆ ನಿಂತಳು.

"ಮಾವ್ಶಿ, ಒಂದು ಮಾತದೆ. ಜನ ಹೋಗ್ಲಿ."

"ಎಂತಾ ಆಯ್ತು ತಂಗಿ? ಕೂಸಿಗೆ ಆರಾಮದೆ ಅಲ್ವಾ?"

"ಆರಾಮದೆ." ವಿನುತಾ ಪರ್ಸಿನಿಂದ ಮಡಿಚಿದ ಕಾಗದ ತೆಗೆದಳು. "ಟೌನ್‌ಶಿಪ್ಪಿನಲ್ಲಿ ಇನ್ನೂ ಮೂವತ್ತು ಮನೆಯವ್ರು ನಿಮ್ಮ ಸೊಪ್ಪು ಕೇಳ್ತಾ ಇದ್ರು. ಅವ್ರಿಗೆ ತೋರ್ಸೂಕೆ ಒಂದು ಕಾಗದ ಇರ್ಲಿ ಅಂತ ನಾನೇ ಹರಿವೆ ಪರೀಕ್ಷೆಗೆ ಕಳಿಸಿದ್ದೆ. ನಿಮಗೆ ಹೇಳ್ಲಿಲ್ಲ, ಒಳ್ಳೇದೇ ಬತ್ತದೆ, ಖುಷಿ ಆಗ್ಲಿ ಅಂತ." ಮುಂದಿನ ಮಾತಿಗೆ ಅವಳ ದನಿ ಇಳಿಯಿತು. "ಅದ್ರಲ್ಲಿ ಔಷಧಿ ಅದೆ ಮಾವ್ಶಿ. ಕೀಟನಾಶಕ. ಒಂದಲ್ಲ, ಎರಡು ನಮೂನೆದು."

ವೈಜಯಂತಿ ಕಾಗದ ಹಿಡಿದು ನೋಡಿದಳು. ಅಂಕೆಗಳು, ಇಂಗ್ಲಿಷ್ ಅಕ್ಷರಗಳು. ಅವುಗಳಿಗಿಂತ ವಿನುತಾಳ ಮುಖ ಸಲೀಸಾಗಿ ಓದಲು ಬರುತ್ತಿತ್ತು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಎಂಟು ತಿಂಗಳ ಕೂಸಿಗೆ ಎರಡು ತಿಂಗಳಿಂದ ತಾನೇ ಬೇಯಿಸಿ ಹಾಕಿದ ತಾಯಿಯ ಮುಖ ಅದು.

ಮುಂದಿನ ಬಸ್ಸಿಗೆ ಬರುವವರ ಹನ್ನೊಂದು ಚೀಲ ಇನ್ನೂ ಉಳಿದಿದ್ದವು. ವೈಜಯಂತಿ ಕೂತು ಒಂದೊಂದಕ್ಕೂ ಕೈ ಹಾಕಿ ಹರಿವೆಯ ಕಟ್ಟುಗಳನ್ನು ಹೊರಗೆ ತೆಗೆದಳು. ಚೀಲ ಕೊಟ್ಟಾಗಿದ್ದವರಲ್ಲಿ ಇಬ್ಬರು ಇನ್ನೂ ರಸ್ತೆ ದಾಟುತ್ತಿದ್ದರು. ಮನೆ ಸೇರಿದವರಿಗೆ ವಿನುತಾ ಫೋನು ಹಚ್ಚಿದಳು; ವೈಜಯಂತಿ ಓಡಿಹೋಗಿ ಈ ಇಬ್ಬರ ಚೀಲದಿಂದಲೂ ತೆಗೆದಳು.

"ಇವತ್ತು ಹರಿವೆ ಬೇಡ. ಸೋಮವಾರ ಹೇಳ್ತೆ ಎಂತಕ್ಕೆ ಅಂತ. ಮನೆಲಿ ಹಳೇದು ಇದ್ರೂ ಹೊರಗೆ ಹಾಕಿ."

ಪಕ್ಕದಲ್ಲಿ ಬಂಗಡೆಯ ಬುಟ್ಟಿ ಇಟ್ಟು ಕೂತ ಜಯಶ್ರೀ ಇದನ್ನೆಲ್ಲ ನೋಡುತ್ತಿದ್ದಳು. ಬೈತಖೋಲದ ಮೀನುಗಾರರ ಮನೆಯವಳು. ಅವಳ ಬಾಯಿಗೆ ಬಿದ್ದ ಸುದ್ದಿ ಅಲೆಯ ಮೇಲೆ ಬಿದ್ದ ಹಾಗೆ.

"ಅಗೋ ವೈನಿ, ಸೊಪ್ಪಿಗೂ ಕಾಗದ ಬತ್ತದೆ ಅಂತ ಆಯ್ತು! ನನ್ನ ಬಂಗಡೆಗೆ ಯಾರೂ ಕಾಗದ ಕೇಳೂದಿಲ್ಲ ಮಾರಾಯ್ತಿ. ಕಿವಿರು ಎತ್ತಿ ನೋಡ್ತರು, ಕೆಂಪಗಿದ್ರೆ ತಕೊಂಡು ಹೋಗ್ತರು."

"ಸುಮ್ನಿರೆ ಜಯಶ್ರೀ."

"ಸುಮ್ನಿರ್ತೆ. ಆದ್ರೆ ಆ ಔಷಧಿ ನನ್ನ ಮೀನಿನ ತಲೆದು ಅಂತ ಮಾತ್ರ ಹೇಳ್ಬೇಡ. ಸಮುದ್ರಕ್ಕೆ ಪಂಪು ಹೊಡಿಯೂ ಗಂಡಸು ಇನ್ನೂ ಹುಟ್ಲಿಲ್ಲ."

ವೈಜಯಂತಿಗೆ ನಗು ಬರಲಿಲ್ಲ. ತೆಗೆದ ಕಟ್ಟುಗಳನ್ನು ಸೆರಗಿನಲ್ಲಿ ಕಟ್ಟಿ ತೋಡೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯಾಚೆ ಸಮುದ್ರ ಇತ್ತು. ಅವಳು ಒಮ್ಮೆಯೂ ಆ ಕಡೆ ನೋಡಲಿಲ್ಲ.

ಮನೆಯಲ್ಲಿ ತುಳಸಿದಾಸನಿಗೆ ಕಾಗದ ತೋರಿಸಿದಾಗ ಅವನಿಗೆ ಎರಡನೆಯ ಯೋಚನೆ ಬೇಕಾಗಲಿಲ್ಲ.

"ಪುಂಡಲೀಕಂದೇ ಕೆಲ್ಸ. ಬೇಲಿಯಾಚೆ ಅವನ ಬೆಂಡೆ. ಬೆನ್ನಿಗೆ ಪಂಪು ಕಟ್ಟಿ ಹೊಡಿದು ನಾನೇ ನೋಡಿದ್ದೆ. ಗಾಳಿ ಬಂದ್ರೆ ಎಲ್ಲಿಗೆ ಹೋಗೂದು? ನಮ್ಮಲ್ಲಿಗೆ."

ಆ ಮಾತು ವೈಜಯಂತಿಗೆ ಆಸರೆಯಂತೆ ಸಿಕ್ಕಿತು. ತಪ್ಪು ಬೇಲಿಯಾಚೆ ಇದೆ ಎಂದಾದರೆ ಈಚೆಯ ಮಣ್ಣು ಮಣ್ಣಾಗಿಯೇ ಉಳಿಯುತ್ತದೆ. ಬೆಳಿಗ್ಗೆ ದೀಪ ಹಚ್ಚಿ, ಕೈ ಮುಗಿದು, ಚಪ್ಪಲಿ ಮೆಟ್ಟಿ ನೇರ ಪುಂಡಲೀಕನ ಗದ್ದೆಯ ಬದುವಿನ ಮೇಲೆ ಹೋಗಿ ನಿಂತಳು. ಪುಂಡಲೀಕ ಗಂಡನಿಗಿಂತ ದೊಡ್ಡವನು, ಭಾವನ ಸಮಾನ. ಮದುವೆಯಾದ ಈ ಇಪ್ಪತ್ತೆಂಟು ವರ್ಷದಲ್ಲಿ ಅವನ ಎದುರು ಅವಳು ದನಿ ಎತ್ತಿದ್ದಿಲ್ಲ. ಅಂದು ಎತ್ತಿದಳು. ಕೂಸುಗಳ ಬಾಯಿಗೆ ವಿಷ ಹಾಕಿಸಿದಿರಿ ಅಂದಳು. ಹಾಲು ತರಲು ಹೊರಟವರು, ಶಾಲೆಗೆ ಹೊರಟವರು ಎಲ್ಲ ನಿಂತು ಕೇಳಿದರು.

ಪುಂಡಲೀಕ ಕೈಯ ಕತ್ತಿಯನ್ನು ಕೆಳಗಿಟ್ಟ. ಅವಸರವಿಲ್ಲದ ಮನುಷ್ಯ.

"ಆಯ್ತಾ?" ಅಂದ. "ಈಗ ನಾ ಹೇಳ್ತೆ. ಔಷಧಿ ಹೊಡೀತೆ, ಸುಳ್ಳು ಹೇಳೂದಿಲ್ಲ. ಆದ್ರೆ ನಿನ್ನ ಬೇಲಿ ಬದಿಯ ನಾಕು ಸಾಲಿಗೆ ಹೊಡಿಯೂದು ಬಿಟ್ಟು ಮೂರು ವರ್ಷ ಆಯ್ತು. ಹೋಗಿ ನೋಡು, ಆ ನಾಕು ಸಾಲು ಬೆಂಡೆ ಹುಳ ತಿಂದು ಬಲೆ ಆಗಿದೆ. ನೀ ಕೈಗಾದವ್ರಿಗೆ ಮಾತು ಕೊಟ್ಟಿ ಅಂತ ನಿನ್ನ ಗಂಡ ಎಲ್ಲ ಕಡೆ ಹೇಳ್ತಾ ತಿರುಗ್ತಿದ್ದ. ನಾ ಕೇಳಿದ್ದೆ. ಅಷ್ಟೇ."

ವೈಜಯಂತಿ ಬೇಲಿ ಬದಿಯ ಆ ಸಾಲುಗಳ ಕಡೆ ತಿರುಗಿದಳು.

"ನಂಬೂದು ಬೇಡ," ಅಂದ ಪುಂಡಲೀಕ. "ನನ್ನ ಬೇಲಿಗೆ ತಾಗಿದ್ದು ನಿನ್ನ ಬದನೆ. ಹರಿವೆ ಬಾವಿ ಹತ್ರ, ಅಷ್ಟು ದೂರ. ಆ ಬದನೆನೂ ಪರೀಕ್ಷೆಗೆ ಕಳ್ಸು. ವಿಷ ಬಂದ್ರೆ ಈ ಪಂಪು ನಿನ್ನ ಬಾವಿಗೆ ಎಸೀತೆ. ಬರ್ದಿದ್ರೆ…" ಕತ್ತಿ ಎತ್ತಿಕೊಂಡು ಕೆಲಸಕ್ಕೆ ತಿರುಗಿದ.

ಸೋಮವಾರ ಅವಳು ಕಾಜುಬಾಗಕ್ಕೆ ಹೋದಳು. ಹರಿವೆಯಲ್ಲಿ ಔಷಧಿಯ ಅಂಶ ಬಂದಿದೆ, ಎಲ್ಲಿಂದ ಎಂದು ಇನ್ನೂ ತಿಳಿದಿಲ್ಲ, ತಿಳಿಯುವವರೆಗೆ ಚೀಲ ಕಟ್ಟುವುದಿಲ್ಲ ಎಂದು ಒಬ್ಬೊಬ್ಬರಿಗೂ ಹೇಳಿದಳು. ಬೇಲಿ ಬದಿಯ ನಾಲ್ಕು ಬದನೆಕಾಯಿಯನ್ನು ಬಾಳೆಲೆಯಲ್ಲಿ ಸುತ್ತಿ ವಿನುತಾಳ ಕೈಗೆ ಕೊಟ್ಟಳು.

ಹತ್ತು ದಿನ ಬೇಕಾಯಿತು. ಆ ಹತ್ತು ದಿನ ಬದನೆ ಗಿಡದಲ್ಲೇ ಹಣ್ಣಾಯಿತು, ಮೂಲಂಗಿ ಬೆಂಡಾಯಿತು, ಹರಿವೆ ತೆನೆ ಬಿಟ್ಟು ಕೆಂಪಗೆ ತಲೆದೂಗಿತು. ನೋಡಿದವರು ಎಷ್ಟು ಚಂದ ಅನ್ನಬೇಕು, ಹಾಗೆ. ವೈಜಯಂತಿ ದಿನಾ ನೀರು ಹಾಕಿದಳು. ಗಿಡದ್ದೇನು ತಪ್ಪು?

ಹನ್ನೊಂದನೆಯ ದಿನ ವಿನುತಾ ತಾನೇ ಸ್ಕೂಟರಿನಲ್ಲಿ ತೋಡೂರಿಗೆ ಬಂದಳು. ಬೇಲಿಯ ಹೊರಗೆ ಚಪ್ಪಲಿ ನೋಡಿ, ಕೇಳದೆಯೇ ತನ್ನದನ್ನೂ ಬಿಟ್ಟು ಒಳಗೆ ಬಂದಳು.

"ಬದನೆ ಶುದ್ಧ ಅದೆ ಮಾವ್ಶಿ. ಏನೇನೂ ಇಲ್ಲ."

ಖುಷಿಪಡಬೇಕಾದ ಮಾತು. ವೈಜಯಂತಿ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು.

"ಹಾಗಾದ್ರೆ ಬಾವಿ ನೀರಾ?"

"ನೀರು ಆದ್ರೆ ಬದನೆಗೂ ಬರ್ಬೇಕಿತ್ತು. ಅದೇ ನೀರಲ್ವಾ? ಬೀಜ ಎಲ್ಲಿದು?"

"ನಮ್ಮದೇ. ಅತ್ತೆ ಕಾಲದ್ದು. ಬೂದಿಲಿ ಕಲಸಿ ಇಡೂದು."

"ಮತ್ತೆ ಈ ಪಾತಿಗೆ ಎಂತಾ ಹಾಕಿದ್ರಿ, ಆ ಪಾತಿಗೆ ಹಾಕದ್ದು?"

ಉತ್ತರ ವೈಜಯಂತಿಗೆ ಗೊತ್ತಿತ್ತು. ಎದ್ದು ಮಣ್ಣು ಎತ್ತುವ ಹಾರೆ ತಂದಳು. ಮೊದಲು ಬೇಲಿ ಮೂಲೆಯ ದೊಡ್ಡ ಗುಂಡಿಗೆ ಹೋಗಿ ಒಂದು ಹಾರೆ ಮಣ್ಣು ಮಗುಚಿದಳು. ಕಪ್ಪು ಗೊಬ್ಬರದಲ್ಲಿ ಎರೆಹುಳಗಳು ಬೆಳಕಿಗೆ ಬೆಚ್ಚಿ ಹೊರಳಾಡಿದವು, ಹತ್ತಿಪ್ಪತ್ತು. ಆಮೇಲೆ ಬಾವಿ ಬದಿಯ ನಿರ್ಮಾಲ್ಯದ ಗುಂಡಿಗೆ ಬಂದಳು. ಹಾರೆಯನ್ನು ಅದಕ್ಕೆ ಹಾಕುವ ಮೊದಲು ಗುಂಡಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಗುಚಿದಳು. ಕಂದು ಬಣ್ಣಕ್ಕೆ ತಿರುಗಿದ ಗೊಂಡೆ, ಸೇವಂತಿಗೆ, ಹಾರದ ದಾರ. ಇನ್ನೊಂದು ಹಾರೆ. ಮತ್ತೂ ಒಂದು. ಒಂದು ಹುಳವಿಲ್ಲ. ಒಂದು ಇರುವೆಯಿಲ್ಲ.

ಇದು ಅವಳಿಗೆ ಹೊಸದಾಗಿರಲಿಲ್ಲ. ನಾಲ್ಕೈದು ವರ್ಷದಿಂದ ಕಂಡದ್ದೇ. ಕಂಡಾಗಲೆಲ್ಲ ಅವಳ ಮನಸ್ಸು ತುಂಬಿಬರುತ್ತಿತ್ತು. ದೇವತಿಯ ಮೈಮೇಲಿದ್ದ ಹೂವನ್ನು ಹುಳು ಕೂಡ ಮುಟ್ಟುವುದಿಲ್ಲ, ಎಷ್ಟು ಮಡಿ ನೋಡು ಎಂದು ಗಂಡನಿಗೆ ಹೇಳಿದ್ದಳು. ಗಂಡ ಊರಿಗೆಲ್ಲ ಹೇಳಿದ್ದ. ಅತ್ತೆಯ ಕಾಲದಲ್ಲಿ ಈ ಗುಂಡಿಯಲ್ಲಿ ಹುಳವಿತ್ತು ಎಂಬುದು ಅವಳಿಗೆ ಈಗ, ಹಾರೆ ಹಿಡಿದು ನಿಂತಾಗ ನೆನಪಾಯಿತು. ಅತ್ತೆ ಅವನ್ನು ಬೆರಳಲ್ಲಿ ಎತ್ತಿ, "ನೀನೂ ಪ್ರಸಾದ ತಿನ್ನು" ಎಂದು ತಿರುಗಿ ಗುಂಡಿಗೆ ಬಿಡುತ್ತಿದ್ದಳು. ಆಗ ಗುಡಿಗೆ ಏರುತ್ತಿದ್ದದ್ದು ಅಂಗಳದ ಅಬ್ಬಲಿಗೆ, ದಾಸವಾಳ, ತುಂಬೆ. ಈಗ ಜನ ಪೇಟೆಯಿಂದ ಮೊಳಗಟ್ಟಲೆ ಹಾರ ತರುತ್ತಾರೆ. ಘಟ್ಟದ ಮೇಲಿಂದ ಲಾರಿಯಲ್ಲಿ ಇಳಿದು ಬಂದ ಹೂ.

"ಹೂ ತಿನ್ನೂ ವಸ್ತು ಅಲ್ಲ ಅಲ್ವಾ ಮಾವ್ಶಿ," ಅಂದಳು ವಿನುತಾ, ತಗ್ಗಿದ ದನಿಯಲ್ಲಿ. "ಕೊಯ್ಯೂ ದಿನದವರೆಗೂ ಔಷಧಿ ಹೊಡೀತರು. ಒಂದು ಕಲೆ ಇರ್ಬಾರ್ದು ನೋಡಿ, ದೇವರಿಗೆ ಅಂತ."

"ಇದನ್ನೂ ಕಳ್ಸು," ಅಂದಳು ವೈಜಯಂತಿ, ಒಂದು ಮುಷ್ಟಿ ತೆಗೆದು. "ನಂಗೆ ಗೊತ್ತಾಯ್ತು. ಆದ್ರೂ ಕಾಗದ ಬರ್ಲಿ. ಈ ಸಲ ಅಂದಾಜಿನ ಮೇಲೆ ಯಾರಿಗೂ ಹೇಳೂದಿಲ್ಲ."

ಕಾಗದ ಬಂತು. ಹರಿವೆಯಲ್ಲಿದ್ದ ಅದೇ ಎರಡು ಹೆಸರು, ಅಂಕೆ ಮಾತ್ರ ಹಲವು ಪಟ್ಟು.

ತುಳಸಿದಾಸ ಆ ದಿನ ಬುಟ್ಟಿ ಹೊತ್ತು ಬಂದವನು ಅಂಗಳದಲ್ಲೇ ನಿಂತ. ಹೆಂಡತಿ ಗುಂಡಿಯ ಮೇಲೆ ತಗಡು ಮುಚ್ಚಿ ಕಲ್ಲು ಹೇರಿದ್ದಳು.

"ದೇವರ ಹೂವಲ್ಲಿ ವಿಷ ಅದೆ ಅಂತ ಊರಲ್ಲಿ ಹೇಳ್ತಿಯಾ ನೀನು?" ಬುಟ್ಟಿ ಇಳಿಸಿ ಕೇಳಿದ. "ಗಾಳಿ, ಮಳೆ, ಎಂತದೋ ಒಂದು ಹೇಳು. ಮುಂದಿನ ವರ್ಷಕ್ಕೆ ಸಾವಕಾಶ ಗುಂಡಿ ಬದಲು ಮಾಡ್ವ. ಯಾರಿಗೆ ಗೊತ್ತಾಗೂದು?"

"ನಂಗೆ ಗೊತ್ತದೆ."

"ನಮ್ಮ ಅಪ್ಪ, ಅಜ್ಜ ತಂದ ಬುಟ್ಟಿ ಇದು."

"ಬುಟ್ಟಿಗೆ ಎಂತಾ ಆಗ್ಲಿಲ್ಲ. ಅದು ಇರ್ತದೆ," ಅಂದಳು ವೈಜಯಂತಿ. "ಅದ್ರೊಳಗೆ ಬೀಳೂದು ಬದಲಾಗ್ಬೇಕು."

ಮೊದಲು ಹೋದದ್ದು ಪುಂಡಲೀಕನ ಗದ್ದೆಗೆ. ಹಾಲಿನವರು, ಶಾಲೆಯವರು ಓಡಾಡುವ ಅದೇ ಹೊತ್ತಿಗೆ ಹೋದಳು. ಬೈದದ್ದನ್ನು ಹತ್ತು ಜನ ಕೇಳಿದ್ದರು, ತಪ್ಪಾಯಿತು ಎಂಬುದನ್ನೂ ಹತ್ತು ಜನ ಕೇಳಬೇಕು. ಬದುವಿನ ಮೇಲೆ ನಿಂತು, ಸೆರಗು ಹೊದ್ದು, ಅಂದು ಎಷ್ಟು ಎತ್ತರದ ದನಿಯಲ್ಲಿ ಬೈದಿದ್ದಳೋ ಅಷ್ಟೇ ಎತ್ತರದಲ್ಲಿ ಹೇಳಿದಳು.

"ಭಾವ, ತಪ್ಪು ನಂದು. ನಿಮ್ಮದಲ್ಲ. ವಿಷ ಬಂದದ್ದು ನನ್ನ ಗುಂಡಿಯಿಂದ."

ಪುಂಡಲೀಕ ತಲೆ ಕೆರೆದುಕೊಂಡ. "ಇಷ್ಟು ಜೋರಾಗಿ ಹೇಳೂದು ಬೇಡಿತ್ತು ಮಾರಾಯ್ತಿ, ನಂಗೇ ನಾಚ್ಕೆ ಆಗ್ತದೆ." ಆಮೇಲೆ, "ಪಂಪು ಬಾವಿಗೆ ಹಾಕೂದು ತಪ್ತು," ಅಂದ. ಹೋಗುವಾಗ ಅವಳ ಕೈಗೆ ಹುಳ ತಿಂದ ಬೆಂಡೆಯ ಒಂದು ಕಟ್ಟು ಇಟ್ಟ. "ನಿನ್ನ ಸಲುವಾಗಿ ಹಾಳಾದದ್ದು. ನೀನೇ ತಿನ್ನು."

ಅಲ್ಲಿಂದ ಗುಡಿಗೆ. ಗುಡಿಯ ಪೂಜಾರಿ ಗುನಗ ಭಾಸ್ಕರ ಆಗಷ್ಟೇ ದೇವತಿಯ ಪೀಠ ತೊಳೆದು ಹೊರಗೆ ಬಂದಿದ್ದ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಅಕ್ಕ ಎಂದೇ ಕರೆಯುವವನು. ಎಲ್ಲ ಕೇಳಿದ ಮೇಲೆ ಅವನ ಮುಖ ಗಂಟಾಯಿತು.

"ಅಕ್ಕ, ದೇವತಿ ಮೈಮೇಲೆ ಇದ್ದ ಹೂವಿಗೆ ವಿಷ ಅಂತಿಯಲ್ಲ. ಬಾಯಿ ಹೇಗೆ ಬತ್ತದೆ ನಿಂಗೆ?"

"ಮೈಮೇಲೆ ಇದ್ದಾಗ ಅದು ಅವಳ ಹೂ ಭಾಸ್ಕರ. ಅದ್ಕಿಂತ ಮೊದ್ಲು ಅದು ನಾವು ಕೊಂಡುತಂದ ಹೂ. ನಾವು ಏರ್ಸಿದ್ದನ್ನೇ ಅವಳು ಇಳಿಸಿ ಕೊಟ್ಲು. ಅವಳೆಂತಾ ಮಾಡೂದು?"

"ಹಾಗಾದ್ರೆ ಪ್ರಸಾದ ಹಚ್ಚಿ ಕೇಳ್ವ." ದೇವತಿಯ ಎದೆಗೆ ಹೂವಿನ ಎಸಳು ಅಂಟಿಸಿ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ ಎಂದು ತಿಳಿಯುವ ಪದ್ಧತಿ ಅದು. ಊರಿನ ದೊಡ್ಡ ದೊಡ್ಡ ಮಾತುಗಳೆಲ್ಲ ಹಾಗೆಯೇ ತೀರ್ಮಾನವಾದದ್ದು. ವೈಜಯಂತಿಯ ಮದುವೆ ಕೂಡ.

ಅವಳು ಗರ್ಭಗುಡಿಯ ಕಡೆ ನೋಡಿದಳು. ನಂದಾದೀಪದ ಬೆಳಕಿನಲ್ಲಿ ದೇವತಿಯ ಬೆಳ್ಳಿಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು, ಯಾವಾಗಲೂ ನೋಡುತ್ತಿದ್ದ ಹಾಗೆ.

"ಕೇಳೂದು ಗೊತ್ತಿಲ್ಲದಾಗ," ಅಂದಳು. "ನಂಗೆ ಗೊತ್ತದೆ. ನಾ ಇವತ್ತು ಕೇಳೂಕೆ ಬರ್ಲಿಲ್ಲ, ಹೇಳೂಕೆ ಬಂದೆ. ನಾಳೆಯಿಂದ ಪೇಟೆ ಹೂವಿನ ನಿರ್ಮಾಲ್ಯ ನಮ್ಮ ಗುಂಡಿಗೆ ಬರೂದಿಲ್ಲ. ಗುಡಿ ಹಿಂದಿನ ಆಲದ ಬುಡದಲ್ಲಿ ಬೇರೆ ಗುಂಡಿ ತೆಗೀವ, ನಾನೇ ತೆಗೀತೆ. ಅದಕ್ಕೆ ಕಾಲು ತಾಗದ ಹಾಗೆ ಕಟ್ಟೆ ಕಟ್ಸಿ. ಆ ಮಣ್ಣನ್ನ ಯಾವ ಪಾತಿಗೂ ಯಾರೂ ಒಯ್ಯೂದು ಬೇಡ. ಮತ್ತೆ ದಿನಾ ಒಂದು ಬುಟ್ಟಿ ಹೂ ನಾ ಬೆಳೆದು ತತ್ತೆ. ಅದರ ನಿರ್ಮಾಲ್ಯ ಮಾತ್ರ ನನ್ನ ಬುಟ್ಟಿಗೆ."

"ದಿನಾ ಒಂದು ಬುಟ್ಟಿ! ಮಳೆಗಾಲದಲ್ಲಿ ಎಂತಾ ಮಾಡ್ತಿ?"

"ದಾಸವಾಳಕ್ಕೆ ಮಳೆ ಗೊತ್ತಿಲ್ಲ. ಅದೂ ಇಲ್ದಿದ್ರೆ ತುಳಸಿ."

"ಜನ ಪೇಟೆ ಹಾರ ತಂದ್ರೆ ಬೇಡ ಅನ್ನೂಕಾಗೂದಿಲ್ಲ ನಂಗೆ."

"ಅನ್ಬೇಡ. ಎರಡು ಬುಟ್ಟಿ ಇಡು. ಅಷ್ಟೇ."

ಭಾಸ್ಕರ ಒಳಗೆ ಹೋಗಿ, ಖಾಲಿ ಬುಟ್ಟಿಯೊಂದನ್ನು ತಂದು ಅವಳ ಮುಂದೆ ಇಟ್ಟ. "ನಾಳೆ ತುಂಬ್ಸಿ ತಾ ನೋಡ್ವ," ಅಂದ. ಅದು ಒಪ್ಪಿಗೆಯೋ ಸವಾಲೋ ಅವನಿಗೂ ತಿಳಿದಂತಿರಲಿಲ್ಲ. ಮರುದಿನ ವೈಜಯಂತಿ ಅಕ್ಕಪಕ್ಕದ ಏಳು ಮನೆಯ ಅಂಗಳ ತಿರುಗಿ, ಬೇಡಿ, ಬುಟ್ಟಿ ತುಂಬಿಸಿ ತಂದಳು.

ಕಾಜುಬಾಗದಲ್ಲಿ ಹೇಳುವುದು ಉಳಿದಿತ್ತು. ಅದಕ್ಕೆ ಅವಳು ಮಾತು ಕಟ್ಟಿಕೊಳ್ಳಲು ನೋಡಿದಳು. ಬಸ್ಸು ಬಂದು ನಿಂತಾಗ ಕಟ್ಟಿಕೊಂಡದ್ದೆಲ್ಲ ಮರೆತುಹೋಯಿತು. ಇಳಿದವರ ಎದುರು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದೇವರ ಹೂ, ಹುಳವಿಲ್ಲದ ಗುಂಡಿ, ತಾನು ಅದನ್ನು ಮಡಿ ಎಂದು ತಿಳಿದದ್ದು, ಎಲ್ಲ.

"ನಾ ಹೇಳ್ತೆ ಅಂತಿದ್ದೆ. ನಾ ಹೇಳಿದ್ದು ತಪ್ಪಾಯ್ತು. ಈ ವರ್ಷ ಹರಿವೆ ಇಲ್ಲ. ಬೇರೆ ಕಾಯಿಪಲ್ಲೆ ಬೇಕಾದವ್ರು ತಕೊಳ್ಳಿ, ಎಲ್ಲದಕ್ಕೂ ಬದನೆಗೆ ಹಾಕಿದ್ದೇ ಗೊಬ್ಬರ, ಬದನೆ ಕಾಗದ ವಿನುತಾನ ಹತ್ರ ಅದೆ. ಬೇಡಾದವ್ರ ಚೀಲ ಇಲ್ಲೇ ಅದೆ, ತೊಳೆದು ತಂದಿದ್ದೆ."

ಒಬ್ಬ ಹೆಂಗಸು ತನ್ನ ಚೀಲ ತೆಗೆದುಕೊಂಡು ಹೋದಳು. ಇನ್ನೊಬ್ಬ, "ಎಲ್ಲ ಒಂದೇ ಕತೆ, ಸಾವಯವ ಅಂದ್ರೆ ಹೆಸರಿಗೆ," ಎಂದು ಗೊಣಗಿ ಹೋದ. ಒಂದೊಂದೇ ಚೀಲ ಎದ್ದು ಹೋಗುತ್ತಿದ್ದರೆ ವೈಜಯಂತಿ ಅಲುಗದೆ ನಿಂತಿದ್ದಳು. ಕೊನೆಗೆ ಇಪ್ಪತ್ಮೂರು ಉಳಿದವು. ನೀಲಿ ದಾರದ್ದು ಅದರಲ್ಲಿತ್ತು.

ಜಯಶ್ರೀ ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತ ಹೇಳಿದಳು: "ವೈನಿ, ನಿಂಗೆ ವ್ಯಾಪಾರ ಬರೂದಿಲ್ಲ. ನಿನ್ನೆಯ ಮೀನು ಇದು ಅಂತ ಯಾವ ಮೀನುಗಾರ್ತಿ ಕೂಗಿ ಹೇಳ್ತಳೆ?"

"ನೀ ನಿನ್ನೆದು ಮಾರ್ತಿಯಾ?"

"ಛೀ! ನನ್ನ ಬಾಯಿಗೆ ಹುಳ ಬೀಳ್ಲಿ."

"ಮತ್ತೆ?"

ಜಯಶ್ರೀ ನಕ್ಕಳು. ಏಳು ಬಂಗಡೆಯ ತಲೆ ಕತ್ತರಿಸಿ ಎಲೆಯಲ್ಲಿ ಕಟ್ಟಿ ವೈಜಯಂತಿಯ ಕಡೆ ತಳ್ಳಿದಳು. "ತಕೋ. ನಿನ್ನ ಆ ಹುಳಗಳಿಗೆ ನನ್ನ ನಮಸ್ಕಾರ ಹೇಳು."

ಬಾವಿಯ ಬುಡದ ಪಾತಿಯಿಂದ ಹರಿವೆಯನ್ನು ಬೇರುಸಹಿತ ಕಿತ್ತದ್ದು ಶಿವರಾತ್ರಿಯ ಮರುದಿನ. ವರ್ಷವಾದರೂ ಆ ಮಣ್ಣಿನಲ್ಲಿ ತಿನ್ನುವ ವಸ್ತು ಬೆಳೆಯಬಾರದೆಂದು ವಿನುತಾ ಹೇಳಿದ್ದಳು. ತಿನ್ನುವುದು ಬೆಳೆಯಬಾರದು, ಸರಿ. ವೈಜಯಂತಿ ಅಲ್ಲಿ ಅಬ್ಬಲಿಗೆ ನೆಟ್ಟಳು, ಅಂಚಿಗೆ ದಾಸವಾಳದ ಟೊಂಗೆ ಊರಿದಳು, ಅತ್ತೆಯ ಕಾಲದ ಗೊಂಡೆಯ ಬೀಜವನ್ನು ಊರೆಲ್ಲ ಹುಡುಕಿ ಒಂದು ಮನೆಯ ಅಟ್ಟದಿಂದ ತಂದು ಬಿತ್ತಿದಳು. ಹೂ ಸಣ್ಣದು, ಪೇಟೆಯದರ ಅರ್ಧವೂ ಇಲ್ಲ. ಎಸಳಿಗೆ ಅಲ್ಲಲ್ಲಿ ಹುಳ ಕಡಿದ ತೂತು. ಬೆಳಿಗ್ಗೆ ಕೊಯ್ದು ಒಯ್ಯುವಾಗ ತುಳಸಿದಾಸ ಮೊದಮೊದಲು ತೂತಿನ ಹೂವನ್ನು ಆರಿಸಿ ಬದಿಗಿಡುತ್ತಿದ್ದ. ದೇವರಿಗೆ ಹುಳ ತಿಂದದ್ದು ಕೊಡುವುದೇ ಎಂದು. ಹೆಂಡತಿ ಅವನ್ನು ತಿರುಗಿ ಬುಟ್ಟಿಗೆ ಹಾಕುತ್ತಿದ್ದಳು.

"ಹುಳ ತಿಂದು ಬದುಕ್ತು ಅಂದ್ರೆ ಒಳ್ಳೇ ಹೂ ಅಂತ," ಅನ್ನುತ್ತಿದ್ದಳು. "ದೇವತಿಗೆ ಗೊತ್ತಾಗ್ತದೆ."

ಮಳೆಗಾಲದಲ್ಲಿ ಎರಡು ದಿನ ಬುಟ್ಟಿಗೆ ತುಳಸಿಯ ಹೊರತು ಮತ್ತೇನೂ ಸಿಗಲಿಲ್ಲ. ಒಂದು ದಿನ ಗಾಳಿಗೆ ದಾಸವಾಳದ ಸಾಲೇ ಮಲಗಿತು. ಪುಂಡಲೀಕ ಬಂದು ಗೂಟ ಹೊಡೆದು ಎತ್ತಿ ಕಟ್ಟಿಕೊಟ್ಟ. ಶ್ರಾವಣದಲ್ಲಿ ಭಾಸ್ಕರನ ಹೆಂಡತಿ ಗುಡಿಯ ಹಿಂದೆ ತಾನೂ ನಾಲ್ಕು ಅಬ್ಬಲಿಗೆ ಗಿಡ ನೆಟ್ಟಳೆಂದು ಸುದ್ದಿ ಬಂತು. ಆ ಸಂಜೆ ವೈಜಯಂತಿ ದೀಪದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಕೂತಳು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ನಿರ್ಮಾಲ್ಯದ ಗುಂಡಿಯ ತಗಡು ಸರಿಸಿದಳು. ಹಳೆಯದನ್ನು ಬೇಸಿಗೆಯಲ್ಲೇ ತೆಗೆದು ಆಲದ ಬುಡಕ್ಕೆ ಸಾಗಿಸಿ, ಗುಂಡಿಯ ಗೋಡೆ ಕೆರೆದು, ಬಿಸಿಲಿಗೆ ತಿಂಗಳುಗಟ್ಟಲೆ ಬಿಟ್ಟಿದ್ದಳು. ಈಗ ಅದರೊಳಗೆ ಇದ್ದದ್ದು ಅವಳದೇ ಹೂ, ದೇವತಿ ಇಳಿಸಿ ಕೊಟ್ಟದ್ದು. ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಕೈಯಿಂದಲೇ ಮಗುಚಿದಳು. ಕಪ್ಪು ಪುಡಿಯ ನಡುವೆ ಎಳೆ ಎರೆಹುಳವೊಂದು, ದಾರದಷ್ಟು ತೆಳ್ಳಗಿನದು, ಬೆಳಕಿಗೆ ಸುರುಳಿ ಸುತ್ತಿತು. ಅದರ ಕೆಳಗೆ ಇನ್ನೊಂದು.

ತುಳಸಿದಾಸ ಬುಟ್ಟಿ ಹೊತ್ತು ಬೇಲಿಯ ಹತ್ತಿರ ಬಂದವನು ಅದನ್ನು ನೋಡಿದ. ಬುಟ್ಟಿ ತಲೆಯ ಮೇಲೇ ಇತ್ತು, ಮಾತಾಡುವ ಹಾಗಿಲ್ಲ. ಕಣ್ಣಲ್ಲೇ ಕೇಳಿದ. ಅವಳು ಬೆರಳ ಮೇಲೆ ಹುಳವನ್ನು ಎತ್ತಿ ತೋರಿಸಿ, ಅತ್ತೆ ಹೇಳುತ್ತಿದ್ದ ಮಾತನ್ನು ಹೇಳಿ, ಹಿಂದೆ ಬಿಟ್ಟಳು.

ಬುಟ್ಟಿ ಇಳಿಸಿದ್ದೇ ತಡ, ಅವನ ಬಾಯಿ ತೆರೆಯಿತು. "ಹಂಗಾದ್ರೆ ಹರಿವೆ ಬಿತ್ತೂದಾ? ಆಚೆ ಹೊಸ ಪಾತಿ ಮಾಡ್ಲಾ? ಇವತ್ತೇ ಹೇಳ್ತೆ ಎಲ್ಲರಿಗೂ…"

"ಯಾರಿಗೂ ಹೇಳೂದು ಬೇಡ," ಅಂದಳು ವೈಜಯಂತಿ. "ಪಾತಿ ಮಾಡಿ. ಬಿತ್ತೂದು ಆಮೇಲೆ."

ಗುಂಡಿಯಿಂದ ಒಂದು ಮುಷ್ಟಿ ಗೊಬ್ಬರ ತೆಗೆದು, ಹುಳವಿಲ್ಲವೆಂದು ನೋಡಿಕೊಂಡು, ಬಾಳೆಲೆಯಲ್ಲಿ ಸುತ್ತಿ ದಾರ ಕಟ್ಟಿದಳು. ಆ ದಿನ ಸೋಮವಾರ. ಸಂಜೆ ಕಾಜುಬಾಗದಲ್ಲಿ ಬಸ್ಸು ನಿಂತಾಗ ಇಪ್ಪತ್ತೊಂಬತ್ತು ಚೀಲಗಳು ಸಾಲಾಗಿ ಕಾಯುತ್ತಿದ್ದವು. ವಿನುತಾ ಇಳಿದಳು. ವೈಜಯಂತಿ ನೀಲಿ ದಾರದ ಚೀಲದ ಜೊತೆ ಆ ಪೊಟ್ಟಣವನ್ನೂ ಅವಳ ಕೈಗಿಟ್ಟಳು.

"ಇದು ತಿನ್ನೂಕಲ್ಲ ತಂಗಿ, ಕಳ್ಸೂಕೆ. ಹುಳ ಹೌದು ಅಂತದೆ. ಕಾಗದನೂ ಹೌದು ಅಂದ್ರೆ, ಆಗ ನಾ ಹೇಳ್ತೆ."